ಗೊಬ್ಬರ ತರಲು ಹೋದ ರವಿವಾರ

ಬೆಳಗಾವಿಯ ಜಡಿಮಳೆಯಲ್ಲಿ ಮೆಂತ್ಯೆಯ ಎಳೆ ಸಸಿ ನಿಲ್ಲುವುದಿಲ್ಲ, ಬುಡದಲ್ಲೇ ಕೊಳೆಯುತ್ತದೆ. ಆದ್ದರಿಂದ ನಮ್ಮ ಓಣಿಯಲ್ಲಿ ಹಿತ್ತಲಿರುವವರೆಲ್ಲ ದಸರೆ ಮುಗಿದ ಮೇಲೆಯೇ ಮಡಿ ಮಾಡುತ್ತಾರೆ. ಕಳೆದ ವರ್ಷ ಅಂಥದೊಂದು ರವಿವಾರ ತಿಪ್ಪೆಗೊಬ್ಬರ ತರಲೆಂದು ಯಳ್ಳೂರಿನ ಕಡೆ ಹೊಲವಿರುವ ಪರಿಚಯದ ರೈತರೊಬ್ಬರಲ್ಲಿಗೆ ಹೋಗಿದ್ದೆ.

ನನಗೆ ಹಿತ್ತಲ ಕೃಷಿಯ ಹುಚ್ಚು ಹತ್ತಿದ್ದು ರುಚಿಗಾಗಿ ಅಲ್ಲ, ತೈಲದ ಚಿಂತೆಯಿಂದ. ನಮ್ಮ ದೇಶ ಬಳಸುವ ಕಚ್ಚಾ ತೈಲದಲ್ಲಿ ಶೇ. 85ಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ಅಮೆರಿಕದ ಭೂವಿಜ್ಞಾನಿ ಹಬರ್ಟ್ 1956ರಲ್ಲಿ, ತನ್ನ ದೇಶದ ತೈಲ ಉತ್ಪಾದನೆ 1970ರ ಸುಮಾರಿಗೆ ತುತ್ತತುದಿ ಮುಟ್ಟಿ ಇಳಿಯತೊಡಗುತ್ತದೆ ಎಂದು ಲೆಕ್ಕ ಹಾಕಿ ಹೇಳಿದ್ದ. 1970ರಲ್ಲಿ ಆದದ್ದೂ ಹಾಗೆಯೇ. ಮುಂದೆ ಶೇಲ್ ಬಂಡೆಯಿಂದ ತೈಲ ತೆಗೆಯುವ ವಿದ್ಯೆ ಬಂದು, 2018ರ ಹೊತ್ತಿಗೆ ಅಲ್ಲಿನ ಉತ್ಪಾದನೆ ಆ ಹಳೆಯ ತುದಿಯನ್ನೂ ದಾಟಿತು. ಹೀಗಾಗಿ ತೈಲ ನಾಳೆಯೇ ಬತ್ತಿಹೋಗುತ್ತದೆಂದು ನಾನು ನಂಬುವುದಿಲ್ಲ. ಆದರೆ ಸಮುದ್ರದಾಚೆ ಯಾರೋ ಜಗಳಾಡಿದರೆ ನಮ್ಮ ಸಂತೆಯಲ್ಲಿ ಕೊತ್ತಂಬರಿಯ ಬೆಲೆ ಏರಬೇಕೇ ಎಂಬ ಪ್ರಶ್ನೆ ಮಾತ್ರ ನನ್ನನ್ನು ಬಿಡುವುದಿಲ್ಲ.

ಹೊಲದ ಬದುವಿನಲ್ಲಿ ಚಹಾ ಕುಡಿಯುತ್ತ ಇದನ್ನೇ ಹೇಳಿದೆ. ಆ ರೈತರು ಬೆಳೆಯುವ ಗಜ್ಜರಿ, ಕೋಬೀಜು ಗೋವಾಕ್ಕೆ ಹೋಗುತ್ತವೆ. ಗೋವಾದವರ ಅಡುಗೆಮನೆ ಬಹುಮಟ್ಟಿಗೆ ಬೆಳಗಾವಿಯಿಂದ ಘಟ್ಟ ಇಳಿಯುವ ಕಾಯಿಪಲ್ಲೆಯ ಗಾಡಿಗಳನ್ನೇ ನೆಚ್ಚಿದೆ. ಡೀಸೆಲ್ ತುಟ್ಟಿಯಾದರೆ ಮೊದಲ ಪೆಟ್ಟು ಬೀಳುವುದು ಇವರಿಗೇ ಎಂದು ನಾನು ಎಣಿಸಿದ್ದೆ. ಅವರು ನಕ್ಕರು. "ಸರ, ನೀವು ಬರೇ ಗಾಡಿ ಡೀಸೆಲ್ ಲೆಕ್ಕಾ ಹಿಡೀತೀರಿ. ಟ್ರ್ಯಾಕ್ಟರ್ ಎಲ್ಲೆ ಹೋತು, ಔಷಧ ಎಲ್ಲೆ ಹೋತು, ಯೂರಿಯಾ ಎಲ್ಲೆ ಹೋತು? ಯೂರಿಯಾ ಏನ್ ಗಾಳ್ಯಾಗಿಂದ ಉದುರತೈತೇನ್ರಿ?"

"ಕಾಕಾ, ಅರ್ಧಾ ಗಾಳ್ಯಾಗಿಂದನ ಬರತೈತ್ರಿ," ಎಂದೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನ ಚಟ, ಬಾಯಿ ಸುಮ್ಮನಿರಲಿಲ್ಲ. ಯೂರಿಯಾದ ಸಾರಜನಕ ಬರುವುದು ಗಾಳಿಯಿಂದಲೇ; ಆದರೆ ಅದನ್ನು ಅಮೋನಿಯಾ ಮಾಡಲು ಬೇಕಾದ ಜಲಜನಕವನ್ನು ನೈಸರ್ಗಿಕ ಅನಿಲದಿಂದ ತೆಗೆಯುತ್ತಾರೆ, ಆ ಅನಿಲದಲ್ಲಿಯೂ ಸುಮಾರು ಅರ್ಧದಷ್ಟನ್ನು ನಾವು ಆಮದು ಮಾಡಿಕೊಳ್ಳುತ್ತೇವೆ. ಅವರು ಗೋಣು ಹಾಕಿ, "ಹಂಗಂದ್ರ ತಿಪ್ಪಿ ಗೊಬ್ಬರನ ಹಾಕ್ರಿ ಅಂತೀರಿ. ಎಷ್ಟ್ ಹಾಕಬೇಕು, ಅದನ್ನೂ ಹೇಳ್ರಿ ಮತ್ತ," ಎಂದರು.

ಅಲ್ಲಿಯೇ ಲೆಕ್ಕ ಹಾಕಿದೆವು. 45 ಕೆ.ಜಿ.ಯ ಒಂದು ಯೂರಿಯಾ ಚೀಲದಲ್ಲಿ ಶೇ. 46ರಂತೆ 20 ಕೆ.ಜಿ.ಗಿಂತ ತುಸು ಹೆಚ್ಚು ಸಾರಜನಕವಿರುತ್ತದೆ. ಚೆನ್ನಾಗಿ ಕೊಳೆತ ತಿಪ್ಪೆಗೊಬ್ಬರದಲ್ಲಿ ಅದು ಶೇ. 0.5ರ ಆಸುಪಾಸು. ಎಂದರೆ ಒಬ್ಬ ಆಳು ಹೆಗಲ ಮೇಲೆ ಹೊತ್ತು ತರುವ ಒಂದು ಚೀಲಕ್ಕೆ ಬದಲಾಗಿ 4 ಟನ್ ಗೊಬ್ಬರ ಬೇಕು! ಅಷ್ಟು ಸಗಣಿ ಹಾಕುವ ದನ ಈಗ ಯಾರ ಕೊಟ್ಟಿಗೆಯಲ್ಲಿದೆ, ಇದ್ದರೂ ಅದನ್ನು ಹೊಲಕ್ಕೆ ಸಾಗಿಸುವುದು ಮತ್ತೆ ಟ್ರ್ಯಾಕ್ಟರೇ. ಕಾಕಾ ಹೊಲಕ್ಕೆ ಸಾಲದ್ದು ನನ್ನ ಹಿತ್ತಲಿಗೆ ಧಾರಾಳವಾಗಿ ಸಾಕು ಎಂಬುದು ಹೊಳೆದದ್ದು ಆಗಲೇ. ಎಕರೆಗಟ್ಟಲೆ ಬೆಳೆಗೆ ತೈಲದ ಹಂಗು ಬಿಡಿಸುವುದು ಕಷ್ಟ, ಬಾವಿಕಟ್ಟೆಯ ಮಗ್ಗುಲಿನ ನಾಲ್ಕು ಮಡಿಗಳಿಗೆ ಕಷ್ಟವಲ್ಲ.

ಸೋವಿಯತ್ ಒಕ್ಕೂಟ 1991ರಲ್ಲಿ ಒಡೆದು ಅಗ್ಗದ ತೈಲ ನಿಂತಾಗ ಕ್ಯೂಬಾದವರು ಹವಾನಾ ನಗರದ ಖಾಲಿ ಜಾಗಗಳಲ್ಲಿ ಮಡಿ ಕಟ್ಟಿ ಕಾಯಿಪಲ್ಲೆ ಬೆಳೆದರು, ಉಳುಮೆಗೆ ಮತ್ತೆ ಎತ್ತು ಹೂಡಿದರು. ಹಿತ್ತಲ ಕೃಷಿಯ ಅಭಿಮಾನಿಗಳೆಲ್ಲ ಈ ಕಥೆಯನ್ನು ಹೇಳುತ್ತಾರೆ. ಅದೇ ದೇಶ ಅಕ್ಕಿ, ಗೋಧಿಗಳನ್ನು ಇಂದಿಗೂ ಹಡಗಿನಲ್ಲಿ ತರಿಸಿಕೊಳ್ಳುತ್ತದೆ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಗೊಬ್ಬರವನ್ನು ಚೀಲಕ್ಕೆ ತುಂಬುವಾಗ ಸಲಿಕೆಗೆ ಗುಟ್ಕಾ ಚೀಟಿಗಳೂ ಹಾಲಿನ ಪಾಕೀಟಿನ ಚೂರುಗಳೂ ಸಿಕ್ಕುತ್ತಿದ್ದವು. ಅವೂ ತೈಲದ ಮಕ್ಕಳೇ. ಕೆಳಪದರದ ಗೊಬ್ಬರ ಕಪ್ಪಗೆ, ಹುಡಿಹುಡಿಯಾಗಿ, ವಾಸನೆಯಿಲ್ಲದೆ ಇತ್ತು. ಮೇಲಿನದು ಇನ್ನೂ ಬಿಸಿಯಾಗಿ ಹಬೆಯಾಡುತ್ತಿತ್ತು, ಕೆದಕಿದರೆ ಬೆಳ್ಳನೆಯ ಗೊಣ್ಣೆಹುಳ. "ಇದನ್ನ ಒಯ್ಯಬ್ಯಾಡ್ರಿ, ಬೇರ ತಿಂತಾವು," ಎಂದು ಕಾಕಾ ಕೆಳಗಿನದನ್ನಷ್ಟೇ ತುಂಬಿಸಿಕೊಟ್ಟರು. ಮನೆಗೆ ತಂದದ್ದು ಡೀಸೆಲ್ ಗಾಡಿಯಲ್ಲಿಯೇ, ಬೇರೆ ದಾರಿ ಇರಲಿಲ್ಲ. ಅಂದಿನಿಂದ ಅಡುಗೆಮನೆಯ ಸಿಪ್ಪೆ, ಅಂಗಳದ ಒಣಗಿದ ಎಲೆ ಹಿತ್ತಲ ಗುಂಡಿಗೇ ಬೀಳುತ್ತಿವೆ; ಈ ವರ್ಷ ಅರ್ಧ ಗೊಬ್ಬರ ಅಲ್ಲಿಂದಲೇ ಬರುವ ಅಂದಾಜಿದೆ.

ಸಂಜೆ ನನ್ನ ಹೆಂಡತಿ ಕೊತ್ತಂಬರಿ ಬೀಜವನ್ನು ನೆಲಕ್ಕೆ ಹರವಿ ಹಳೆಯ ಚಪ್ಪಲಿಯಿಂದ ಮೆಲ್ಲಗೆ ಉಜ್ಜಿ ಹೋಳು ಮಾಡಿದಳು. ಒಂದೊಂದು ಕಾಳಿನಲ್ಲಿಯೂ ಎರಡು ಬೀಜಗಳಿರುತ್ತವೆ, ಒಡೆಯದೆ ಬಿತ್ತಿದರೆ ಮೊಳಕೆ ತಡವಾಗುತ್ತದೆ. ಕೊತ್ತಂಬರಿ, ಮೆಂತ್ಯೆ, ರಾಜಗಿರಿ, ಪಾಲಕ, ಬೇಲಿಯ ಗುಂಟ ಪುಂಡಿ: ಒಂದೇ ದಿನಕ್ಕೆ ಬಾಡುವ, ಗಾಡಿ ಒಂದು ದಿನ ತಪ್ಪಿದರೂ ಸಂತೆಯಲ್ಲಿ ಸಿಗದ ತಪ್ಪಲುಪಲ್ಲೆಗಳನ್ನಷ್ಟೇ ನಾವು ಹಾಕುತ್ತೇವೆ. ಬಟಾಟೆ, ಉಳ್ಳಾಗಡ್ಡಿ ಕೆಡದೆ ಉಳಿಯುತ್ತವೆ, ಅವನ್ನು ಸಂತೆಯಿಂದಲೇ ತರುತ್ತೇವೆ. ಗಜ್ಜರಿಯನ್ನು ಬೆಳೆಯುವ ಯೋಚನೆಯನ್ನೇ ಕೈಬಿಟ್ಟೆವು. ಅದು ಕಾಕಾ ಹೊಲದ ಬೆಳೆ. ಗೋವಾಕ್ಕೆ ಹೋಗಿ ಉಳಿದದ್ದನ್ನು ಕೊಳ್ಳಲು ಊರಿನಲ್ಲಿಯೂ ನಾಲ್ಕು ಗಿರಾಕಿಗಳು ಬೇಕಲ್ಲ.