ಹೆಸರು ಸರಿ, ಕ್ರಿಯಾಪದ ತಪ್ಪು: ಪ್ರಚಲಿತ ವಿದ್ಯಮಾನದ ಟಿಪ್ಪಣಿ ಬರೆಯುವ ಮೇಜಿನಿಂದ

ಐಎಎಸ್, ಕೆಎಎಸ್ ಅಭ್ಯರ್ಥಿಗಳಿಗೆ ತಿಂಗಳು ತಿಂಗಳೂ ಪ್ರಚಲಿತ ವಿದ್ಯಮಾನದ ಟಿಪ್ಪಣಿ ಕಟ್ಟುವ ಕೆಲಸದಲ್ಲಿ ತಪ್ಪು ನುಸುಳುವುದೆಲ್ಲಿ ಎಂದು ಕೇಳಿದರೆ, ಹೆಸರು, ದಿನಾಂಕ, ಊರು ಎಂಬ ಉತ್ತರವೇ ಬರುತ್ತದೆ. ಅವು ತಪ್ಪುವುದು ಕಡಿಮೆ. ಕರಡು ತಿದ್ದುವವರ ಕಣ್ಣು ಮೊದಲು ಬೀಳುವುದೇ ಅಲ್ಲಿ. ತಪ್ಪುವುದು ಸಾಲಿನ ಕೊನೆಯಲ್ಲಿ ಕೂತಿರುವ ಕ್ರಿಯಾಪದ. ‘ಭಾರತ ಒಪ್ಪಂದಕ್ಕೆ ಸೇರಿತು’ ಎಂದು ಬರೆದಾಗ ಭಾರತವೂ ಸರಿ, ಒಪ್ಪಂದವೂ ಸರಿ. ‘ಸೇರಿತು’ ಮಾತ್ರ ಸುಳ್ಳಾಗಿರಬಹುದು. ಪರಿಸರ, ಆಡಳಿತ, ರಾಜತಾಂತ್ರಿಕತೆ ಮೂರರಲ್ಲೂ ಪ್ರಶ್ನೆ ಹುಟ್ಟುವುದು ಬಹುಪಾಲು ಆ ಪದದ ಸುತ್ತಲೇ.

ಹವಾಮಾನ ಬದಲಾವಣೆ ಕುರಿತ ಪ್ಯಾರಿಸ್ ಒಪ್ಪಂದವನ್ನೇ ಬಿಡಿಸಿ ನೋಡಿ. 2015ರ ಡಿಸೆಂಬರ್ 12ರಂದು ಅದು ಅಂಗೀಕಾರವಾಯಿತು. ಅಂದರೆ ಪಠ್ಯಕ್ಕೆ ಎಲ್ಲರೂ ಒಪ್ಪಿದರು, ಅಷ್ಟೆ. ಆ ದಿನ ಯಾವ ದೇಶದ ಕೈಯೂ ಕಟ್ಟಿಬೀಳಲಿಲ್ಲ. 2016ರ ಏಪ್ರಿಲ್ 22ರಂದು ಭಾರತ ಸಹಿ ಹಾಕಿತು. ಅಕ್ಟೋಬರ್ 2ರಂದು ಸ್ಥಿರೀಕರಿಸಿತು, ಅಂದರೆ ಒಪ್ಪಂದಕ್ಕೆ ತಾನು ಬದ್ಧ ಎಂದು ವಿಧ್ಯುಕ್ತವಾಗಿ ದೃಢಪಡಿಸಿತು. ಕನಿಷ್ಠ 55 ದೇಶಗಳು, ಜೊತೆಗೆ ಜಾಗತಿಕ ಹಸಿರುಮನೆ ಅನಿಲ ಹೊರಸೂಸುವಿಕೆಯ ಕನಿಷ್ಠ ಶೇ 55ರಷ್ಟು ಪಾಲು ಎಂಬ ಎರಡೂ ಷರತ್ತು ತುಂಬಿ 30 ದಿನ ಕಳೆದ ಮೇಲೆ, ನವೆಂಬರ್ 4ರಂದು ಅದು ಜಾರಿಗೆ ಬಂತು. ಒಂದೇ ಒಪ್ಪಂದಕ್ಕೆ ನಾಲ್ಕು ದಿನಾಂಕ, ನಾಲ್ಕು ಕ್ರಿಯಾಪದ. ಒಂದರ ದಿನಾಂಕ ಇನ್ನೊಂದಕ್ಕೆ ಅಂಟಿದರೆ ಹೇಳಿಕೆ ತಪ್ಪು.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಪತ್ರಿಕೆಯ ಕನ್ನಡದಲ್ಲಿ ‘ಅನುಮೋದನೆ’ ಎಲ್ಲ ಬೀಗಕ್ಕೂ ಹಾಕುವ ಕೀಲಿ. ಸಚಿವ ಸಂಪುಟ ಒಪ್ಪಿದರೂ ಅನುಮೋದನೆ, ಸಂಸತ್ತು ಪಾಸು ಮಾಡಿದರೂ ಅನುಮೋದನೆ, ದೇಶ ಒಪ್ಪಂದವನ್ನು ರ್‍ಯಾಟಿಫೈ ಮಾಡಿದರೂ ಅನುಮೋದನೆ. ‘ಅಂಕಿತ’ವೂ ಹಾಗೆಯೇ: ವಿದೇಶಾಂಗ ಸಚಿವರ ಸಹಿಗೂ ಅದೇ, ರಾಷ್ಟ್ರಪತಿಯವರ ಒಪ್ಪಿಗೆಗೂ ಅದೇ. ಓದುಗನಿಗೆ ಸುದ್ದಿ ಮುಟ್ಟಿಸಲು ಇಷ್ಟು ಸಾಕು, ಪರೀಕ್ಷೆಗೆ ಸಾಲದು. ಆದ್ದರಿಂದ ಟಿಪ್ಪಣಿಯಲ್ಲಿ ಒಂದು ಕೆಲಸಕ್ಕೆ ಒಂದೇ ಪದ ಎಂದು ಕಟ್ಟು ಹಾಕಿಕೊಳ್ಳಬೇಕು. ಪಠ್ಯಕ್ಕೆ ಸಮ್ಮೇಳನ ಒಪ್ಪಿದರೆ ಅಂಗೀಕಾರ, ಸಂಪುಟದ್ದು ಸಂಪುಟ ಒಪ್ಪಿಗೆ, ಪ್ರತಿನಿಧಿ ಹಾಕುವುದು ಸಹಿ, ರ್‍ಯಾಟಿಫಿಕೇಶನ್‌ಗೆ ಸ್ಥಿರೀಕರಣ, ರಾಷ್ಟ್ರಪತಿಯವರದು ಮಾತ್ರ ಅಂಕಿತ. ಸ್ಥಿರೀಕರಣ ಕಿವಿಗೆ ಒರಟು, ನಿಜ. ಆದರೆ ಗೊಂದಲವಿಲ್ಲ.

ಈ ಶಿಸ್ತಿನ ಬೆಲೆ ತಿಳಿಯಬೇಕಾದರೆ ಮೂರು ಒಪ್ಪಂದಗಳನ್ನು ಪಕ್ಕಪಕ್ಕ ಇಡಿ. ಚಿತ್ರಹಿಂಸೆ ವಿರೋಧಿ ಒಡಂಬಡಿಕೆಗೆ ಭಾರತ 1997ರಲ್ಲಿ ಸಹಿ ಹಾಕಿತು, ಸ್ಥಿರೀಕರಿಸಿಲ್ಲ. ಮುಕ್ತ ಸಾಗರದ ಜೀವವೈವಿಧ್ಯ ಒಪ್ಪಂದಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಸಹಿ ಹಾಕಿತು. 60ನೇ ದೇಶದ ಸ್ಥಿರೀಕರಣ 2025ರ ಸೆಪ್ಟೆಂಬರ್ 19ರಂದು ಆಗಿ, ಅಲ್ಲಿಂದ 120 ದಿನ ಎಣಿಸಿ 2026ರ ಜನವರಿ 17ರಂದು ಅದು ಜಾರಿಯಾಯಿತು. ಒಪ್ಪಂದ ಜಾರಿಯಾಯಿತು ಎಂದ ಮಾತ್ರಕ್ಕೆ ಸಹಿ ಹಾಕಿದವರೆಲ್ಲ ಅದಕ್ಕೆ ಬದ್ಧರಲ್ಲ, ಸ್ಥಿರೀಕರಿಸಿದವರು ಮಾತ್ರ. ಮೂರನೆಯದು ವ್ಯಾಪಾರದ್ದು. ಐಸ್‌ಲೆಂಡ್, ಲಿಕ್ಟೆನ್‌ಸ್ಟೈನ್, ನಾರ್ವೆ, ಸ್ವಿಟ್ಜರ್ಲೆಂಡ್ ಇರುವ ಎಫ್ಟಾ (ಐರೋಪ್ಯ ಮುಕ್ತ ವ್ಯಾಪಾರ ಸಂಘ) ಗುಂಪಿನ ಜೊತೆಗಿನ ಒಪ್ಪಂದಕ್ಕೆ 2024ರ ಮಾರ್ಚ್ 10ರಂದು ಸಹಿ ಬಿತ್ತು, ಜಾರಿಯಾದದ್ದು 2025ರ ಅಕ್ಟೋಬರ್ 1ರಂದು. ಈ ನಾಲ್ಕರಲ್ಲಿ ಒಂದೂ ಐರೋಪ್ಯ ಒಕ್ಕೂಟದ ಸದಸ್ಯ ದೇಶವಲ್ಲ. ‘ಯುರೋಪಿನೊಂದಿಗೆ ಒಪ್ಪಂದ’ ಎಂಬ ತಲೆಬರಹವನ್ನು ಹಾಗೇ ಎತ್ತಿಕೊಂಡ ಟಿಪ್ಪಣಿ ಎಡವುವುದು ಇಲ್ಲೇ.

ಪಾಕಿಸ್ತಾನದ ಜೊತೆಗಿನ ಸಿಂಧೂ ಜಲ ಒಪ್ಪಂದದ ವಿಷಯದಲ್ಲಂತೂ ‘ರದ್ದು’ ಎಂಬ ಪದ ಎಷ್ಟು ಕಡೆ ಅಚ್ಚಾಯಿತೋ ಲೆಕ್ಕವಿಲ್ಲ. 2025ರ ಏಪ್ರಿಲ್ 22ರ ಪಹಲ್ಗಾಮ್ ದಾಳಿಯ ಮರುದಿನ ಭಾರತ ಪ್ರಕಟಿಸಿದ್ದು ಒಪ್ಪಂದವನ್ನು ಅಬೇಯನ್ಸ್‌ನಲ್ಲಿ ಇಡುವುದಾಗಿ, ಅಂದರೆ ತಡೆಹಿಡಿಯುವುದಾಗಿ. 1960ರ ಆ ಒಪ್ಪಂದದ 12ನೇ ವಿಧಿ ಏನು ಹೇಳುತ್ತದೆ? ಎರಡೂ ಸರ್ಕಾರಗಳು ಇದನ್ನು ಕೊನೆಗಾಣಿಸಲೆಂದೇ ಮತ್ತೊಂದು ಒಪ್ಪಂದ ಮಾಡಿಕೊಂಡು ಸ್ಥಿರೀಕರಿಸುವವರೆಗೆ ಇದು ಮುಂದುವರಿಯುತ್ತದೆ ಎಂದು. ಒಬ್ಬರೇ ಹೊರನಡೆಯುವ ಬಾಗಿಲು ಪಠ್ಯದಲ್ಲಿಲ್ಲ. ಮುಖ್ಯ ಪರೀಕ್ಷೆಯಲ್ಲಿ ಈ ವಿಷಯ ಬಂದರೆ 250 ಪದಗಳ ಉತ್ತರ ನಿಲ್ಲಬೇಕಾದದ್ದು ಈ ವ್ಯತ್ಯಾಸದ ಮೇಲೆ. ‘ರದ್ದು’ ಎಂದು ಓದಿಕೊಂಡವನಿಗೆ ಉತ್ತರದ ಮೊದಲ ಸಾಲೇ ಕುಸಿಯುತ್ತದೆ.

ಶೃಂಗಸಭೆಗಳಲ್ಲಿ ಕ್ರಿಯಾಪದದ ಬದಲು ಕಾಗದದ ಹೆಸರು ನೋಡಬೇಕು. ಜಂಟಿ ಹೇಳಿಕೆ ಎಂದರೆ ಎಲ್ಲರೂ ಒಪ್ಪಿದ್ದು. ಅಧ್ಯಕ್ಷರ ಸಾರಾಂಶ ಎಂದರೆ ಒಮ್ಮತ ಆಗಲಿಲ್ಲ ಎಂಬುದರ ಮರ್ಯಾದಸ್ಥ ರೂಪ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಸೇರಿದ ಜಿ20 ಹಣಕಾಸು ಸಚಿವರ ಸಭೆ ಮುಗಿದದ್ದು ಉಕ್ರೇನ್ ಯುದ್ಧದ ಕುರಿತ ಸಾಲುಗಳಿಗೆ ಒಮ್ಮತ ಸಿಗದೆ, ಅಧ್ಯಕ್ಷರ ಸಾರಾಂಶದೊಂದಿಗೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ದೆಹಲಿಯ ನಾಯಕರ ಘೋಷಣೆ ಒಮ್ಮತದಿಂದ ಬಂತು. ಆಫ್ರಿಕನ್ ಒಕ್ಕೂಟ ಸೇರಿದ್ದೂ ಅಲ್ಲೇ; ಹಾಗಾಗಿ ಜಿ20ರಲ್ಲಿ ಈಗ 19 ದೇಶ, 2 ಒಕ್ಕೂಟ. ಹೆಸರಿನಲ್ಲಿರುವ 20 ಹಾಗೇ ಉಳಿದಿದೆ.

ಇನ್ನು ಆಡಳಿತ. ಮಸೂದೆಯ ಸಂಖ್ಯೆಗೂ ಕಾಯ್ದೆಯ ಸಂಖ್ಯೆಗೂ ಸಂಬಂಧವಿಲ್ಲ ಎಂಬುದನ್ನು ಹೊಸಬರು ನಂಬುವುದಿಲ್ಲ. ಲೋಕಸಭೆ, ವಿಧಾನಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಪಾಲು ಸ್ಥಾನ ಮೀಸಲಿಡುವ ಸಂವಿಧಾನ ತಿದ್ದುಪಡಿ ಸಂಸತ್ತಿಗೆ ಬಂದದ್ದು 128ನೇ ಮಸೂದೆಯಾಗಿ, ಹೊರಬಂದದ್ದು 106ನೇ ತಿದ್ದುಪಡಿಯಾಗಿ. ಜಿಎಸ್‌ಟಿ 122ನೇ ಮಸೂದೆ, 101ನೇ ತಿದ್ದುಪಡಿ. ನಡುವೆ ಎಷ್ಟೋ ಮಸೂದೆಗಳು ಬಿದ್ದುಹೋಗಿರುತ್ತವೆ. ಕ್ರಮಸಂಖ್ಯೆ ಮಾತ್ರ ಮುಂದಕ್ಕೆ ಓಡಿರುತ್ತದೆ. ಪತ್ರಿಕೆ ಮಸೂದೆಯ ದಿನ ದೊಡ್ಡದಾಗಿ ಬರೆಯುತ್ತದೆ, ಕಾಯ್ದೆಯಾದ ದಿನ ಒಳಪುಟದಲ್ಲಿ ಎರಡು ಸಾಲು. ತಲೆಯಲ್ಲಿ ಉಳಿಯುವುದು ದೊಡ್ಡಕ್ಷರದ 128.

ಅಂಕಿತ ಬಿದ್ದರೂ ಕೆಲಸ ಮುಗಿಯಲಿಲ್ಲ. ಕಾಯ್ದೆಯ 1ನೇ ಕಲಮಿನಲ್ಲಿ ‘ಸರ್ಕಾರ ಅಧಿಸೂಚನೆಯ ಮೂಲಕ ಗೊತ್ತುಪಡಿಸಿದ ದಿನದಿಂದ’ ಎಂಬ ಸಾಲಿದೆಯೇ ನೋಡಿ. ಇದ್ದರೆ ರಾಜ್ಯಪತ್ರ ತೆರೆಯಲೇಬೇಕು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ಅಂಕಿತ 2023ರ ಆಗಸ್ಟ್ 11ರಂದು. ನಿಯಮಾವಳಿ ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ, ಅದೂ ಹಂತ ಹಂತವಾಗಿ ಜಾರಿಯಾಗುವಂತೆ. ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿ ಎಂದು ಎಲ್ಲರೂ ಬರೆಯುತ್ತಾರೆ. ಅಧಿಸೂಚನೆ ಓದಿದರೆ ಮಾತ್ರ ಕಾಣುವ ವಿಷಯ, 106ನೇ ಕಲಮಿನ 2ನೇ ಉಪಕಲಮನ್ನು ಅದು ಹೊರಗಿಟ್ಟಿದೆ ಎಂಬುದು. ಅಪಘಾತ ಮಾಡಿ ತಿಳಿಸದೆ ಓಡಿಹೋದ ಚಾಲಕರಿಗೆ ಶಿಕ್ಷೆ ಹೆಚ್ಚಿಸಿದ, ಲಾರಿ ಚಾಲಕರು ಮುಷ್ಕರ ಹೂಡಿದ ಕಲಮು ಅದೇ. ನಮ್ಮ ರಾಜ್ಯದ ಉದಾಹರಣೆಯೂ ಇದೆ: ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯ ಹೆಸರಿನಲ್ಲಿರುವ ವರ್ಷ 2024, ಜಾರಿಗೆ ಬಂದದ್ದು 2025ರ ಮೇ 15ರಂದು, ಐದು ನಗರ ಪಾಲಿಕೆಗಳು ರೂಪುಗೊಂಡದ್ದು ಅದೇ ಸೆಪ್ಟೆಂಬರ್‌ನಲ್ಲಿ. ಕೆಎಎಸ್ ಓದುವವರು ಮೂರನ್ನೂ ಬೇರೆ ಬೇರೆ ಇಟ್ಟುಕೊಳ್ಳಬೇಕು.

ಪರಿಸರಕ್ಕೆ ಬಂದರೆ ಕ್ರಿಯಾಪದದ ಜಾಗದಲ್ಲಿ ಅಂಕಿ ಬಂದು ಕೂರುತ್ತದೆ. ಯಾವುದನ್ನು, ಹೇಗೆ, ಯಾವ ದಿನಕ್ಕೆ ಎಣಿಸಿದ್ದು ಎಂದು ಹೇಳದ ಅಂಕಿಗೆ ಟಿಪ್ಪಣಿಯಲ್ಲಿ ಜಾಗವಿಲ್ಲ.

ಹುಲಿ ಗಣತಿ 2022ರದ್ದು. ಅದಕ್ಕೆ 3,167 ಎಂಬ ಅಂಕಿಯೂ ಇದೆ, 3,682 ಎಂಬುದೂ ಇದೆ. ಎರಡೂ ಸರಿ. 2023ರ ಏಪ್ರಿಲ್ 9ರಂದು ಮೈಸೂರಿನಲ್ಲಿ, ಹುಲಿ ಯೋಜನೆಯ 50ನೇ ವರ್ಷದ ಸಮಾರಂಭದಲ್ಲಿ ಪ್ರಕಟವಾದದ್ದು ಕನಿಷ್ಠ ಸಂಖ್ಯೆ 3,167. ಜುಲೈ 29ರಂದು ಬಂದದ್ದು ಅಂತಿಮ ಅಂದಾಜು: ಸರಾಸರಿ 3,682, ಮೇಲಿನ ಮಿತಿ 3,925. ಹಿಂದಿನ ಗಣತಿಯ 2,967 ಸರಾಸರಿ ಅಂಕಿ. ಆದ್ದರಿಂದ ಅದನ್ನು ಹೋಲಿಸಬೇಕಾದದ್ದು 3,682ರ ಜೊತೆ. 3,167ರ ಜೊತೆ ಹೋಲಿಸಿ ‘ನಾಲ್ಕು ವರ್ಷದಲ್ಲಿ 200 ಹೆಚ್ಚಳ’ ಎಂದು ಬರೆದರೆ ಕನಿಷ್ಠವನ್ನೂ ಸರಾಸರಿಯನ್ನೂ ಒಂದೇ ತಕ್ಕಡಿಗೆ ಹಾಕಿದಂತೆ. ರಾಜ್ಯವಾರು ಅಂಕಿ ಬಂದದ್ದು ಜುಲೈನಲ್ಲಿ. ಕರ್ನಾಟಕದ 563, ಮಧ್ಯಪ್ರದೇಶದ 785 ಆ ಪಟ್ಟಿಯವು.

ಅರಣ್ಯದ ಲೆಕ್ಕ ಇನ್ನೂ ಜಾರು. 2023ರ ಅರಣ್ಯ ಸ್ಥಿತಿ ವರದಿ ಬಿಡುಗಡೆಯಾದದ್ದು 2024ರ ಡಿಸೆಂಬರ್‌ನಲ್ಲಿ. ಅದರ ಶೇ 25.17 ಎಂಬುದು ಅರಣ್ಯ ಹೊದಿಕೆ ಮತ್ತು ಮರ ಹೊದಿಕೆ ಕೂಡಿಸಿದ್ದು. ಅರಣ್ಯ ಹೊದಿಕೆ ಮಾತ್ರ ಶೇ 21.76. ಈ ಅರಣ್ಯ ಹೊದಿಕೆಯಾದರೂ ಏನು? ಒಂದು ಹೆಕ್ಟೇರ್ ಅಥವಾ ಅದಕ್ಕಿಂತ ಹೆಚ್ಚು ವಿಸ್ತೀರ್ಣದಲ್ಲಿ ಮರಗಳ ನೆತ್ತಿಯ ನೆರಳು ಶೇ 10 ಮುಟ್ಟಿದರೆ ಅದು ಅರಣ್ಯ ಹೊದಿಕೆ. ಜಮೀನು ಯಾರದು, ಮರ ಯಾವ ಜಾತಿ ಎಂಬುದು ಲೆಕ್ಕಕ್ಕಿಲ್ಲ. ಕೊಡಗಿನ ನೆರಳುಮರದ ಕಾಫಿ ತೋಟ ಉಪಗ್ರಹದ ಕಣ್ಣಿಗೆ ಅರಣ್ಯ ಹೊದಿಕೆಯೇ. ಕಂದಾಯ ದಾಖಲೆಯಲ್ಲಿ ತೋಟ. ತಿರುಗಾಮುರುಗಾ ಕೂಡ ಆಗುತ್ತದೆ: ದಾಖಲೆಯಲ್ಲಿ ಅರಣ್ಯ, ನೆಲದ ಮೇಲೆ ಒಂದು ಮರವಿಲ್ಲ. ‘ಅರಣ್ಯ ಹೆಚ್ಚಿತು’ ಎಂಬ ಸುದ್ದಿಯನ್ನು ಟೀಕಿಸಿ ಬರೆಯಬೇಕಾದ ಮುಖ್ಯ ಪರೀಕ್ಷೆಯ ಉತ್ತರಕ್ಕೆ ಇಷ್ಟು ಸರಕು ಸಾಕು.

ಶೇ 50ರ ವಿದ್ಯುತ್ ಗುರಿಯದೂ ಇದೇ ಜಾಡು. 2030ರೊಳಗೆ ಎಂದು ಭಾರತ ಒಪ್ಪಿದ್ದು ಸ್ಥಾಪಿತ ಸಾಮರ್ಥ್ಯದ ಅರ್ಧ ಪಳೆಯುಳಿಕೆಯೇತರ ಇರಬೇಕೆಂದು. 2025ರ ಜೂನ್ ಅಂತ್ಯಕ್ಕೆ ಅದು ದಾಟಿತು. ಉತ್ಪಾದನೆಯಾಗುವ ಯೂನಿಟ್‌ಗಳ ಲೆಕ್ಕ ಹಿಡಿದರೆ ಕಲ್ಲಿದ್ದಲಿನದೇ ದೊಡ್ಡ ಪಾಲು. ಸೂರ್ಯ ರಾತ್ರಿ ದುಡಿಯುವುದಿಲ್ಲ. ಪಳೆಯುಳಿಕೆಯೇತರದಲ್ಲಿ ಅಣುಶಕ್ತಿಯೂ ಸೇರುತ್ತದೆ, ನವೀಕರಿಸಬಹುದಾದದ್ದು ಎಂದರೆ ಸೇರುವುದಿಲ್ಲ. ಶೇ 45 ಇಳಿಕೆಯ ಗುರಿ ಹೊರಸೂಸುವಿಕೆಯದಲ್ಲ, ಜಿಡಿಪಿಯ ಪ್ರತಿ ಘಟಕಕ್ಕೆ ಆಗುವ ಹೊರಸೂಸುವಿಕೆಯದು, 2005ಕ್ಕೆ ಹೋಲಿಸಿ. ಒಟ್ಟು ಹೊರಸೂಸುವಿಕೆ ಏರುತ್ತಲೇ ಈ ಗುರಿ ಮುಟ್ಟಬಹುದು.

ರಾಮ್ಸಾರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಸಂಖ್ಯೆ ಭಾರತದಲ್ಲಿ ಓಡುವ ಮೀಟರ್ ಇದ್ದಂತೆ. 2024ರ ಜನವರಿ ಕೊನೆಗೆ 80, ಆಗಸ್ಟ್‌ಗೆ 85, 2025ರ ಜೂನ್‌ಗೆ 91. ಒಟ್ಟು ಸಂಖ್ಯೆಯ ಬೆನ್ನು ಹತ್ತುವುದಕ್ಕಿಂತ ತಾಣದ ಬಗೆ ತಿಳಿಯುವುದು ಲಾಭ. ಕರ್ನಾಟಕದ ಮೊದಲನೆಯದು 2022ರ ರಂಗನತಿಟ್ಟು. 2024ರ ಜನವರಿಯಲ್ಲಿ ಸೇರಿದ ರಾಜ್ಯದ ಮೂರರಲ್ಲಿ ಉತ್ತರ ಕನ್ನಡದ ಅಘನಾಶಿನಿ ಅಳಿವೆ. ಗದಗದ ಮಾಗಡಿ ಕೆರೆ ಮತ್ತು ವಿಜಯನಗರದ ಅಂಕಸಮುದ್ರ ಮನುಷ್ಯ ಕಟ್ಟಿದ ಕೆರೆಗಳು. ‘ರಾಮ್ಸಾರ್ ತಾಣವೆಂದರೆ ನೈಸರ್ಗಿಕ ಜೌಗು ಮಾತ್ರ’ ಎಂಬ ಹೇಳಿಕೆಯನ್ನು ಹೊಡೆದುಹಾಕಲು ಈ ಎರಡು ಕೆರೆ ಸಾಕು.

ಕಾಪ್, ಅಂದರೆ ಒಡಂಬಡಿಕೆಯ ಸದಸ್ಯ ದೇಶಗಳ ಸಮ್ಮೇಳನ, ಅದರ ಸಂಖ್ಯೆಗಳ ಬಗ್ಗೆ ಒಂದೇ ಎಚ್ಚರಿಕೆ: ಯಾವ ಒಡಂಬಡಿಕೆಯದು ಎಂದು ಮೊದಲು ಬರೆಯಿರಿ. 2024ರಲ್ಲಿ ಎರಡು ಕಾಪ್ 16 ನಡೆದವು, ಜೀವವೈವಿಧ್ಯದ್ದು ಕೊಲಂಬಿಯಾದ ಕಾಲಿಯಲ್ಲಿ, ಮರುಭೂಮೀಕರಣದ್ದು ರಿಯಾದ್‌ನಲ್ಲಿ. ನಡುವೆ ಬಾಕುವಿನಲ್ಲಿ ಹವಾಮಾನದ ಕಾಪ್ 29. ಅಭಿವೃದ್ಧಿಶೀಲ ದೇಶಗಳ ಹವಾಮಾನ ನೆರವಿಗೆ ಬಾಕು ಇಟ್ಟ ಹಣದ ಗುರಿ 2035ರ ಹೊತ್ತಿಗೆ ವರ್ಷಕ್ಕೆ 300 ಬಿಲಿಯನ್ ಡಾಲರ್, ಅಂದರೆ 30 ಸಾವಿರ ಕೋಟಿ ಡಾಲರ್. ಬಿಲಿಯನ್ ಎಂದರೆ 100 ಕೋಟಿ, ಟ್ರಿಲಿಯನ್ ಎಂದರೆ ಲಕ್ಷ ಕೋಟಿ; ಇದನ್ನು ಮೇಜಿನ ಮುಂದೆ ಅಂಟಿಸಿಟ್ಟರೂ ನಾಚಿಕೆಯಿಲ್ಲ. ಡಾಲರನ್ನು ರೂಪಾಯಿಗೆ ತಿರುಗಿಸಲು ಹೋಗಬೇಡಿ, ದರ ಬದಲಾದೊಡನೆ ಟಿಪ್ಪಣಿ ಹಳಸುತ್ತದೆ.

ಕೆಲಸದ ಕ್ರಮ ಹೀಗೆ. ಪತ್ರಿಕೆ ವಿಷಯ ತೋರಿಸಲಿಕ್ಕೆ ಮಾತ್ರ. ಪಠ್ಯಕ್ಕೆ ಪಿಐಬಿ (ಕೇಂದ್ರ ಸರ್ಕಾರದ ಪತ್ರಿಕಾ ವಾರ್ತಾ ಕಚೇರಿ) ಪ್ರಕಟಣೆ ಅಥವಾ ವಿದೇಶಾಂಗ ಸಚಿವಾಲಯದ ಹೇಳಿಕೆ, ಜಾರಿಯ ದಿನಕ್ಕೆ ರಾಜ್ಯಪತ್ರ, ಸ್ಥಿರೀಕರಣಕ್ಕೆ ವಿಶ್ವಸಂಸ್ಥೆಯ ಒಪ್ಪಂದಗಳ ದಾಖಲೆ. ಪಿಐಬಿಯ ಶೀರ್ಷಿಕೆಯಲ್ಲಿ ಸಂಪುಟ ಒಪ್ಪಿತು ಎಂದಿದ್ದರೆ ಅದು ಮೊದಲ ಮೆಟ್ಟಿಲು, ಕೊನೆಯದಲ್ಲ. ಒಂದು ವಿಷಯಕ್ಕೆ 70 ಪದ ಮೀರಬಾರದು: ಏನು, ಈಗ ಯಾವ ಹಂತದಲ್ಲಿದೆ, ಯಾವ ದಿನಕ್ಕೆ, ಯಾವ ಕಾಯ್ದೆ ಅಥವಾ ಒಡಂಬಡಿಕೆಯ ಅಡಿ, ಪಠ್ಯಕ್ರಮದ ಯಾವ ಭಾಗಕ್ಕೆ ತಾಗುತ್ತದೆ. ಎರಡನೇ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಆ ತಿಂಗಳು ಆ ವಿಷಯ ಅಚ್ಚಿಗೆ ಹೋಗಬಾರದು.

ಯುಪಿಎಸ್‌ಸಿಗೆ ಕನ್ನಡದಲ್ಲಿ ಓದುವವರ ಟಿಪ್ಪಣಿಗೆ ಇನ್ನೊಂದು ಸಾಲು ಬೇಕು. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಪ್ರಶ್ನೆಪತ್ರಿಕೆ ಬರುವುದು ಹಿಂದಿ, ಇಂಗ್ಲಿಷಿನಲ್ಲಿ ಮಾತ್ರ. ‘ತಡೆಹಿಡಿ’ ಕಲಿತವನಿಗೆ ಅಬೇಯನ್ಸ್ ಗುರುತು ಸಿಗದಿದ್ದರೆ ಶ್ರಮ ವ್ಯರ್ಥ, ಅದಕ್ಕೇ ಪಾರಿಭಾಷಿಕ ಪದದ ಇಂಗ್ಲಿಷ್ ರೂಪ ಪಕ್ಕದಲ್ಲೇ ಇರಲಿ. ಪೂರ್ವಭಾವಿಯಲ್ಲಿ 2023ರಿಂದ ‘ಮೇಲಿನವುಗಳಲ್ಲಿ ಎಷ್ಟು ಸರಿ’ ಎಂಬ ಬಗೆ ಹೆಚ್ಚಿದೆ. ಒಂದು ಹೇಳಿಕೆ ಗೊತ್ತಿದ್ದರೆ ಉಳಿದ ಆಯ್ಕೆ ಹೊಡೆದುಹಾಕುವ ಹಳೆಯ ಉಪಾಯ ಅಲ್ಲಿ ನಡೆಯುವುದಿಲ್ಲ, ತಪ್ಪಿಗೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಪಾಲು ಕಡಿತ ಬೇರೆ. ಮೂರು ಹೇಳಿಕೆಯ ಮೂರೂ ಕ್ರಿಯಾಪದ ಗೊತ್ತಿರಬೇಕು.

ಹಳೆಯ ಟಿಪ್ಪಣಿಗಳ ಪಾಡು ಬೇರೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಆರು ಅನುಸೂಚಿ ಎಂದು ಇಂದಿಗೂ ಪ್ರತಿಯಿಂದ ಪ್ರತಿಗೆ ಇಳಿಯುತ್ತಲೇ ಇದೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಾಗಿ ಅವು ನಾಲ್ಕಾಗಿವೆ. ಒಂದನೆಯದು, ಎರಡನೆಯದು ಪ್ರಾಣಿಗಳಿಗೆ, ಮೂರನೆಯದು ಸಸ್ಯಗಳಿಗೆ, ನಾಲ್ಕನೆಯದು ಸೈಟಿಸ್ (ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ ಒಡಂಬಡಿಕೆ) ಪಟ್ಟಿಯ ಜೀವಿಗಳಿಗೆ. ತಿಂಗಳ ಸಂಚಿಕೆಯ ಕೊನೆಯ ಪುಟವನ್ನು ಇಂಥವಕ್ಕೇ ಬಿಡಬೇಕು: ಹಿಂದೆ ನಾವೇ ಬರೆದದ್ದು, ಈಗ ಬದಲಾದದ್ದು, ಬದಲಾದ ದಿನ.