ಉಕ್ಕಿನ ರೋಲೆಕ್ಸ್ ಭೇದಗಳ ಸಂಗ್ರಹ: ಮೂರನೇ ಕಂತು, 16710 ಇನ್ನೂ ಮುಗಿದಿಲ್ಲ

ಒಂದೇ ಮಾದರಿಯ ರೋಲೆಕ್ಸ್ ವಾಚುಗಳ ನಡುವಿನ ಸಣ್ಣ ಭೇದಗಳನ್ನು ಕೂಡಿಸುವ ಟ್ರೇಯಲ್ಲಿ ಏಳು ಜಾಗ, ಈಗ ಆರು ತುಂಬಿವೆ. ಈ ಕಂತಿನಲ್ಲಿ ಒಳಗೆ ಬಂದದ್ದು ಜಿಎಂಟಿ ಮಾಸ್ಟರ್ 2, ರೆಫರೆನ್ಸ್ (ಮಾದರಿ ಸಂಖ್ಯೆ) 16710ರ 'ಸ್ವಿಸ್' ಮಾತ್ರ ಬರೆದಿರುವ ಡಯಲಿನ ವಾಚು. ಖಾಲಿ ಉಳಿದಿರುವುದು ಅದೇ ರೆಫರೆನ್ಸಿನ ಕೊನೆಗಾಲದ ವಾಚು, 3186 ಸಂಖ್ಯೆಯ ಒಳಯಂತ್ರದ್ದು. ಅದಕ್ಕಾಗಿ ನೋಡಿದ ಎರಡು ವಾಚುಗಳನ್ನೂ ಬಿಟ್ಟಾಯಿತು. ಕಾರಣ ಕೆಳಗಿದೆ.

ಸುಲಭದವನ್ನು ಮೊದಲು ಹೇಳಿ ಮುಗಿಸೋಣ. ಎಕ್ಸ್‌ಪ್ಲೋರರ್ 214270 ಬಂದದ್ದು 2010ರಲ್ಲಿ, 39 ಮಿ.ಮೀ. ಕೇಸಿನಲ್ಲಿ, ಅಂದರೆ ಹೊರಕವಚದಲ್ಲಿ. ಮೊದಲ ಆವೃತ್ತಿಯ ಮುಳ್ಳುಗಳು ಗಿಡ್ಡ. 3, 6, 9 ಅಂಕಿಗಳು ಬರೀ ಲೋಹದವು, ಕತ್ತಲಲ್ಲಿ ಹೊಳೆಯುವುದಿಲ್ಲ. 2016ರಲ್ಲಿ ಮುಳ್ಳು ಉದ್ದವಾಯಿತು, ಅಂಕಿಗಳಿಗೂ ಹೊಳೆಯುವ ಬಣ್ಣ ಬಂತು, ರೆಫರೆನ್ಸ್ ಸಂಖ್ಯೆ ಮಾತ್ರ ಬದಲಾಗಲಿಲ್ಲ. ಕೊಳ್ಳುವಾಗ ಕತ್ತಲಲ್ಲಿ ತೆಗೆದ ಒಂದು ಫೋಟೋ ಕೇಳಿದರೆ ಸಾಕು. ಗಿಡ್ಡ ಮುಳ್ಳಿನ ಜೊತೆ ಹೊಳೆಯುವ ಅಂಕಿ ಕಂಡರೆ ಒಂದಲ್ಲ ಒಂದು ಭಾಗ ಬದಲಾಗಿದೆ ಎಂದೇ ಅರ್ಥ.

ಸೀ ಡ್ವೆಲರ್ 126600 ಇನ್ನೂ ಸರಳ. 2017ರ ಮೊದಲ ಡಯಲಿನಲ್ಲಿ 6ರ ಕೆಳಗೆ 'ಸ್ವಿಸ್' ಮತ್ತು 'ಮೇಡ್' ಪದಗಳ ನಡುವೆ ಕಿರೀಟದ ಗುರುತಿಲ್ಲ, ನಂತರದ್ದರಲ್ಲಿ ಇದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪಿನಲ್ಲಿ ಎರಡು ಸೆಕೆಂಡಿನ ಕೆಲಸ. ವಾರಂಟಿ ಕಾರ್ಡಿನ ತಾರೀಖು ಡಯಲಿಗೆ ಒಪ್ಪುತ್ತದೆಯೇ ಎಂದು ನೋಡಿದರೆ ಆಯಿತು.

16710 ಹಾಗಲ್ಲ. 1989ರಿಂದ 2007ರವರೆಗೆ ತಯಾರಾದ ಮಾದರಿ ಇದು, ನಡುವೆ ಬದಲಾದದ್ದು ಒಂದೆರಡಲ್ಲ. ಡಯಲಿನ ಬುಡದ ಬರಹವೇ ಮೂರು ಬಗೆ. ಕತ್ತಲಲ್ಲಿ ಹೊಳೆಯಲು ಟ್ರಿಟಿಯಂ ಎಂಬ ವಿಕಿರಣಶೀಲ ವಸ್ತು ಬಳಸುತ್ತಿದ್ದ ಕಾಲದಲ್ಲಿ 'ಸ್ವಿಸ್' ಪದದ ಜೊತೆ 'ಟಿ' ಅಕ್ಷರ ಇರುತ್ತಿತ್ತು. ಸುಮಾರು 1998ರಲ್ಲಿ ಟ್ರಿಟಿಯಂ ಹೋಗಿ, ಬೆಳಕು ಹೀರಿ ಹೊಳೆಯುವ ಲ್ಯೂಮಿನೋವಾ ಬಂದಾಗ, ಸ್ವಲ್ಪ ಕಾಲ 'ಸ್ವಿಸ್' ಎಂಬ ಒಂದೇ ಪದ ಉಳಿಯಿತು. ಆಮೇಲೆ 'ಸ್ವಿಸ್ ಮೇಡ್'. ನಡುವಿನ ಆ ಒಂದೇ ಪದದ ಡಯಲಿಗೇ ಬೇಡಿಕೆ ಹೆಚ್ಚು. ಅದು ಸಹಜವಾಗಿ ಕೂರುವುದು ಯು ಸರಣಿಯ ಕೊನೆ ಮತ್ತು ಎ ಸರಣಿಯ ಕೇಸುಗಳಲ್ಲಿ, ಅಂದರೆ ಸರಣಿ ಸಂಖ್ಯೆ ಆ ಅಕ್ಷರದಿಂದ ಶುರುವಾಗುವ ವಾಚುಗಳಲ್ಲಿ. ಸರಣಿ ಅಕ್ಷರಕ್ಕೂ ವರ್ಷಕ್ಕೂ ಇರುವ ಪಟ್ಟಿ ಸಂಗ್ರಾಹಕರು ಲೆಕ್ಕಹಾಕಿದ್ದು, ಕಂಪನಿ ಪ್ರಕಟಿಸಿದ್ದಲ್ಲ. ಆದ್ದರಿಂದ ಒಂದು ವರ್ಷ ಆಚೀಚೆ ಇದ್ದರೆ ತಕರಾರು ಬೇಡ, ಐದು ವರ್ಷ ವ್ಯತ್ಯಾಸ ಬಂದರೆ ಕೈಬಿಡಿ.

ಈಗ ಬಂದದ್ದು ಎ ಸರಣಿ. ಪರೀಕ್ಷೆ ನಡೆದದ್ದು ಹೀಗೆ. ಚೈನು ಬಿಚ್ಚುವ ಮೊದಲು ಲಗ್ಗಿನ (ಚೈನು ಕೂರುವ ಕೇಸಿನ ಕೊಂಬು) ಒಳಬದಿಗೆ ಟೇಪ್ ಅಂಟಿಸಬೇಕು. ಈ ಕಾಲದ ಕೇಸಿಗೆ ಲಗ್ಗಿನಲ್ಲಿ ತೂತು ಇರುವುದರಿಂದ ಹೊರಗಿನಿಂದಲೇ ಸೂಜಿ ಒತ್ತಿ, ಚೈನು ಹಿಡಿದಿರುವ ಸ್ಪ್ರಿಂಗ್ ಬಾರ್ ತೆಗೆಯಬಹುದು. ತೂತಿಲ್ಲದ ನಂತರದ ಕೇಸುಗಳಲ್ಲಿ ಕವಲು ಉಪಕರಣ ಜಾರಿ ಗೀರು ಬೀಳುವುದು ಇಲ್ಲೇ. ಚೈನು ತೆಗೆದರೆ ಲಗ್ಗುಗಳ ನಡುವೆ 12ರ ಬದಿಯಲ್ಲಿ ರೆಫರೆನ್ಸ್, 6ರ ಬದಿಯಲ್ಲಿ ಸರಣಿ ಸಂಖ್ಯೆ. ತೂತಿನ ಅಂಚು ಚೂಪಾಗಿಯೇ ಉಳಿದಿದ್ದರೆ ಕೇಸು ಹೆಚ್ಚು ಪಾಲಿಶ್ ಕಂಡಿಲ್ಲ.

ಆಮೇಲೆ ಯುವಿ ಟಾರ್ಚು. ಹತ್ತು ಸೆಕೆಂಡು ಹಿಡಿದು ಆರಿಸಿದಾಗ ಡಯಲಿನ ಚುಕ್ಕೆಗಳೂ ಮುಳ್ಳುಗಳೂ ಒಂದೇ ಬಣ್ಣದಲ್ಲಿ, ಒಂದೇ ವೇಗದಲ್ಲಿ ಮಂಕಾಗಬೇಕು. ಟ್ರಿಟಿಯಂ ಡಯಲಾದರೆ ಟಾರ್ಚಿನ ಜೊತೆಗೇ ಬೆಳಕು ಹೋಗುತ್ತದೆ. ಟ್ರಿಟಿಯಂನ ಅರ್ಧಾಯುಷ್ಯ 12.3 ವರ್ಷ, ಅಂದರೆ ಮೂವತ್ತು ವರ್ಷ ಹಳೆಯ ಡಯಲಿನಲ್ಲಿ ಮೊದಲಿನ ಐದನೇ ಒಂದು ಭಾಗವೂ ಉಳಿದಿಲ್ಲ. ಡಯಲ್ ಸತ್ತು ಮುಳ್ಳು ಮಾತ್ರ ಬೆಳಗುತ್ತಿದ್ದರೆ ಸರ್ವಿಸಿನಲ್ಲಿ ಮುಳ್ಳು ಬದಲಾಗಿದೆ. ನಮ್ಮ ವಾಚಿನಲ್ಲಿ ಎರಡೂ ಒಪ್ಪಿದವು.

ಬೆಜೆಲ್ ಇನ್ಸರ್ಟ್ (ಗಾಜಿನ ಸುತ್ತಲಿನ ಬಣ್ಣದ ಉಂಗುರ) ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ಕಪ್ಪು, ಕಪ್ಪು-ಕೆಂಪು, ನೀಲಿ-ಕೆಂಪು ಮೂರೂ ಇದೇ ಬೆಜೆಲಿಗೆ ಕೂರುತ್ತವೆ, ಅಲ್ಯೂಮಿನಿಯಂ ಉಂಗುರ ಬದಲಿಸುವುದು ನಿಮಿಷಗಳ ಕೆಲಸ. ಬಣ್ಣ ನೋಡಿ ಹೆಚ್ಚು ದುಡ್ಡು ಕೊಡಬೇಡಿ.

ಇನ್ನು ಸಿಗದ ಏಳನೆಯದು. 3186 ಯಂತ್ರ ಮೊದಲು ಬಂದದ್ದು 2005ರ ಚಿನ್ನದ 116718ರಲ್ಲಿ. 16710ರ ಕೊನೆಯ ಝಡ್ ಮತ್ತು ಎಂ ಸರಣಿಯ ಕೆಲವು ವಾಚುಗಳಿಗೂ ಅದನ್ನು ಹಾಕಿದರು. ಅದೇ ಹೊತ್ತಿನಲ್ಲಿ 'ಸ್ಟಿಕ್ ಡಯಲ್' ಕಾಣಿಸಿಕೊಂಡಿತು: ಹೆಸರಿನ ಕೊನೆಯ ರೋಮನ್ ಎರಡಕ್ಕೆ ಮೇಲೆ ಕೆಳಗೆ ಅಡ್ಡಗೆರೆ ಇಲ್ಲ, ಎರಡು ಬೋಳು ಕಡ್ಡಿ ಅಷ್ಟೆ. 3186 ಮತ್ತು ಸ್ಟಿಕ್ ಡಯಲ್ ಯಾವಾಗಲೂ ಜೋಡಿ ಎಂದುಕೊಳ್ಳುವುದೇ ಇಲ್ಲಿ ಆಗುವ ದೊಡ್ಡ ತಪ್ಪು.

ನೋಡಿದ ಮೊದಲ ವಾಚು ಎಂ ಸರಣಿ, ಸ್ಟಿಕ್ ಡಯಲ್, ಬೆಲೆ 3186ರದ್ದು. ಕ್ರೌನ್ (ಬದಿಯ ತಿರುಗುಗುಂಡಿ) ತಿರುಚಿ ಸಡಿಲಿಸಿ, ಒಂದು ಹಂತ ಎಳೆದು ಗಂಟೆ ಮುಳ್ಳನ್ನು ನಿಧಾನವಾಗಿ ಜಿಗಿಸಿದಾಗ ಮುಳ್ಳುಗಳಲ್ಲಿ ಅಲುಗಾಟ ಎದ್ದು ಕಂಡಿತು. ಅದು ಹಿಂದಿನ ಯಂತ್ರವಾದ 3185ರ ಲಕ್ಷಣ. 3186ರಲ್ಲಿ ಜಿಗಿತ ಬಿಗಿಯಾಗಿರುತ್ತದೆ. ವಾಚು ಅಸಲಿಯೇ, ಕೇಳಿದ ಬೆಲೆ ಮಾತ್ರ ಅದರದ್ದಲ್ಲ. ಎರಡನೆಯದು ಎಫ್ ಸರಣಿ, ಒಳಗೆ 3186 ಇದೆ ಎಂದು ಮುಚ್ಚಳ ತೆಗೆದ ಫೋಟೋ ಸಮೇತ ಬಂತು. ಯಂತ್ರದ ಸೇತುವೆಯ (ಭಾಗಗಳನ್ನು ಹಿಡಿದಿಡುವ ಲೋಹದ ಪಟ್ಟಿ) ಮೇಲೆ 3186 ಎಂದು ಕೊರೆದದ್ದೂ, ಕೂದಲೆಳೆಯಷ್ಟು ತೆಳುವಾದ ನೀಲಿ ಹೇರ್‌ಸ್ಪ್ರಿಂಗೂ ನಿಜ. ಆದರೆ ಎಫ್ ಸರಣಿಯ ಕೇಸು ಹೊರಬಂದ ಕಾಲದಲ್ಲಿ ಉಕ್ಕಿನ ಜಿಎಂಟಿಗೆ ಆ ಯಂತ್ರ ಬಂದೇ ಇರಲಿಲ್ಲ. ಯಂತ್ರ ಬೇರೆ ಕಡೆಯದು, ಅಥವಾ ಫೋಟೋ ಬೇರೆ ವಾಚಿನದು.

ಅದಕ್ಕೇ ಈಗ ಒಂದೇ ಚೌಕಟ್ಟಿನ ಫೋಟೋ ಕೇಳುತ್ತೇವೆ: ಬಿಚ್ಚಿದ ಮುಚ್ಚಳ, ಯಂತ್ರದ ಸಂಖ್ಯೆ, ಲಗ್ಗಿನ ನಡುವಿನ ಸರಣಿ ಸಂಖ್ಯೆ, ಮೂರೂ ಒಟ್ಟಿಗೆ. ಮುಚ್ಚಳವನ್ನು ಅದರ ಹಲ್ಲಿಗೆ ಸರಿಹೊಂದುವ ಅಚ್ಚಿನಿಂದಲೇ ತೆಗೆಯಬೇಕು, ಇಕ್ಕಳ ಹಾಕಿದರೆ ಹಲ್ಲು ಸವೆಯುತ್ತದೆ. ಮುಚ್ಚುವಾಗ ಗ್ಯಾಸ್ಕೆಟ್ (ನೀರು ತಡೆಯುವ ಉಂಗುರ) ಹೊಸದಾಗಬೇಕು, ನೀರಿನ ಒತ್ತಡದ ಪರೀಕ್ಷೆಯೂ ಆಗಬೇಕು.

ಟ್ರೇಯಲ್ಲಿರುವ ಟ್ರಿಟಿಯಂ 16710ಕ್ಕೆ ಸರ್ವಿಸ್ ಸಮಯ ಬಂದಿದೆ. 'ಡಯಲ್, ಮುಳ್ಳು ಬದಲಿಸಬಾರದು. ಕೇಸು ಪಾಲಿಶ್ ಮಾಡಬಾರದು. ತೆಗೆದ ಭಾಗವೆಲ್ಲ ವಾಪಸ್ ಕೊಡಬೇಕು' ಎಂದು ಬರಹದಲ್ಲಿ ಒಪ್ಪಿಗೆ ಸಿಗುವವರೆಗೆ ಅದನ್ನು ಕಳಿಸುವುದಿಲ್ಲ. ಏಳನೆಯದಕ್ಕೆ ಝಡ್ ಸರಣಿಯ ವಾಚೊಂದು ಕಣ್ಣಿಗೆ ಬಿದ್ದಿದೆ, ಒಂದೇ ಚೌಕಟ್ಟಿನ ಆ ಫೋಟೋ ಇನ್ನೂ ಬಂದಿಲ್ಲ.