ಕಾರ್ನ್‌ವಾಲಿಸ್ ಮನೆಯ ಪಾಲು, ನಮ್ಮ ಮನೆಯ ಪಾಲು

ಹೋದ ತಿಂಗಳು ನಮ್ಮ ಮನೆಯಲ್ಲಿ ಪಾಲಾಯಿತು. ನಂದಿ ಬೆಟ್ಟದ ಬುಡದಲ್ಲಿ ಅಜ್ಜನ ಹೆಸರಲ್ಲಿದ್ದ 8 ಎಕರೆ 20 ಗುಂಟೆ. ಅರ್ಧ ದ್ರಾಕ್ಷಿ, ಉಳಿದದ್ದು ಹಿಪ್ಪುನೇರಳೆ ಮತ್ತು ರಾಗಿ ಹೊಲ. ಅಪ್ಪ, ಇಬ್ಬರು ಚಿಕ್ಕಪ್ಪಂದಿರು, ಇಬ್ಬರು ಅತ್ತೆಯರು. ಐದು ಪಾಲು, ತಲೆಗೆ 1 ಎಕರೆ 28 ಗುಂಟೆ. ಸರ್ವೇಯರ್ ಅಳೆದು ಕಲ್ಲು ನೆಡುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ದ್ರಾಕ್ಷಿ ಚಪ್ಪರದ ನಡುವೆಯೇ ಗೆರೆ ಬಂತು. ಒಂದು ಸಾಲು ಬಳ್ಳಿಯ ಬೇರು ಚಿಕ್ಕಪ್ಪನ ಕಡೆ, ಹಂಬು ನಮ್ಮ ಕಡೆ. ಅಪ್ಪ ಚಪ್ಪರದ ತಂತಿ ಹಿಡಿದುಕೊಂಡು ಸುಮ್ನೆ ನಿಂತಿದ್ದರು.

ನಾನು ಬೆಟ್ಟ ನೋಡಿದೆ. ನಮ್ಮ ಹೊಲದಲ್ಲಿ ಎಲ್ಲಿ ನಿಂತು ತಲೆ ಎತ್ತಿದರೂ ಬೆಟ್ಟವೇ ಕಾಣುವುದು. ಒಂದು ವರ್ಷದಿಂದ ನನಗೆ ಆ ಬೆಟ್ಟದ ಜೊತೆಗೆ ಇನ್ನೊಂದು ಹುಚ್ಚು ಹಿಡಿದಿದೆ: 1791ರಲ್ಲಿ ಅದನ್ನು ಟಿಪ್ಪುವಿನ ಕೈಯಿಂದ ಕಿತ್ತುಕೊಂಡವನ ಮನೆತನದ ಕಥೆ. ಲಾರ್ಡ್ ಕಾರ್ನ್‌ವಾಲಿಸ್ ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಖಾಯಂ ಜಮೀನ್ದಾರಿ ಪದ್ಧತಿ, 1793, ಎರಡು ಅಂಕದ ಪ್ರಶ್ನೆ, ಅಲ್ವಾ? ಆದರೆ ಅವನ ಊರು ಯಾವುದು, ಜಮೀನು ಎಲ್ಲಿತ್ತು, ಅಣ್ಣತಮ್ಮಂದಿರು ಏನು ಮಾಡುತ್ತಿದ್ದರು ಅಂತ ಯಾವ ಮೇಷ್ಟ್ರೂ ಹೇಳಲಿಲ್ಲ. ಹುಡುಕಿ ಓದುತ್ತಾ ಹೋದಂತೆ ನನಗೆ ಮತ್ತೆ ಮತ್ತೆ ಅನ್ನಿಸಿದ್ದು ಒಂದೇ. ಆ ಮನೆಯಲ್ಲಿ ಪಾಲು ಅನ್ನುವುದೇ ಇರಲಿಲ್ಲ. ಅವರು ಇಷ್ಟು ದೂರ ಬಂದದ್ದರಲ್ಲಿ ಅದರ ಕೈವಾಡ ದೊಡ್ಡದು.

ಇಂಗ್ಲೆಂಡಿನ ಪೂರ್ವಕ್ಕೆ ಸಫೋಕ್ ಅಂತ ಒಂದು ಸೀಮೆ. ಅಲ್ಲಿ ಐ ಅನ್ನುವ ಸಣ್ಣ ಪೇಟೆ, ಪಕ್ಕದಲ್ಲಿ ಬ್ರೋಮ್ ಅನ್ನುವ ಹಳ್ಳಿ. ಕಾರ್ನ್‌ವಾಲಿಸ್‌ಗಳ ಮೂಲಮನೆ ಅದು. ಶುರುವಾದದ್ದು ವ್ಯಾಪಾರದಿಂದ. 14ನೇ ಶತಮಾನದಲ್ಲಿ ಥಾಮಸ್ ಕಾರ್ನ್‌ವಾಲಿಸ್ ಅಂತ ಲಂಡನ್ನಿನ ಒಬ್ಬ ವರ್ತಕ, 1378ರಲ್ಲಿ ಆ ನಗರದ ಶೆರಿಫ್ ಆದವನು. ಅವನ ಕಾಲದಿಂದ ಸಫೋಕ್‌ನಲ್ಲಿ ಬೇರು ಬಿಟ್ಟರು. ಇನ್ನೂರು ವರ್ಷ ಆದ ಮೇಲೆ ಅದೇ ಹೆಸರಿನ ಇನ್ನೊಬ್ಬ, ಸರ್ ಥಾಮಸ್, ಬ್ರೋಮ್ ಹಾಲ್ ಅನ್ನುವ ದೊಡ್ಡ ಮನೆ ಕಟ್ಟಿಸಿದ. ಅವನು ಮೇರಿ ರಾಣಿಯ ಅರಮನೆಯ ಲೆಕ್ಕಪತ್ರ ನೋಡುತ್ತಿದ್ದವನು. ಫ್ರಾನ್ಸಿನ ದಡದಲ್ಲಿ ಇಂಗ್ಲಿಷರ ಕೈಯಲ್ಲಿದ್ದ ಕ್ಯಾಲೆ ಪಟ್ಟಣಕ್ಕೂ ಖಜಾಂಚಿಯಾಗಿದ್ದ. 1558ರಲ್ಲಿ ಕ್ಯಾಲೆ ಕೈತಪ್ಪಿತು. ಅಷ್ಟೊತ್ತಿಗೆ ಅವನು ಆ ಕೆಲಸ ಬಿಟ್ಟಾಗಿತ್ತು, ಆದರೂ ಜನ ಬಿಡಬೇಕಲ್ಲ. ಬ್ರೋಮ್ ಹಾಲ್ ಕಟ್ಟಿದ್ದು ಯಾರು, ಸರ್ ಥಾಮಸ್. ಯಾವ ದುಡ್ಡಲ್ಲಿ, ಕ್ಯಾಲೆ ಮಾರಿದ ದುಡ್ಡಲ್ಲಿ ಅಂತ ಪದ ಕಟ್ಟಿದರು. ನಮ್ಮೂರಲ್ಲಿ ಯಾರಾದರೂ ಎರಡಂತಸ್ತಿನ ಮನೆ ಕಟ್ಟಿಸಿದರೆ ಅರಳಿಕಟ್ಟೆ ಮೇಲೆ ಇಂಥದೇ ಮಾತು ಹುಟ್ಟುತ್ತದೆ.

ಮುಂದಿನ ನೂರು ವರ್ಷದಲ್ಲಿ ಆ ಮನೆಗೆ ಎರಡು ಸಂಗತಿ ಕೂಡಿಬಂದವು. ಅಂತರ್ಯುದ್ಧದಲ್ಲಿ ಸರ್ ಫ್ರೆಡರಿಕ್ ಅನ್ನುವವನು ರಾಜನ ಪಕ್ಷ ಹಿಡಿದು ಆಸ್ತಿ ಕಳೆದುಕೊಂಡು ಪರದೇಶ ಸೇರಿದ್ದ. ರಾಜ ತಿರುಗಿ ಬಂದಾಗ, 1661ರಲ್ಲಿ, ಅವನಿಗೆ ಬ್ಯಾರನ್ ಪದವಿ ಸಿಕ್ಕಿತು. ಅದೇ ಸುಮಾರಿಗೆ ಅವನ ತಾಯಿಯ ಎರಡನೇ ಮದುವೆಯ ಸಂಬಂಧದಿಂದ ಕಲ್ಫರ್ಡ್ ಅನ್ನುವ ಎಸ್ಟೇಟು ಬಂತು, ಬರಿ ಸೇಂಟ್ ಎಡ್ಮಂಡ್ಸ್ ಪಟ್ಟಣದ ಹತ್ತಿರ. ಇನ್ನು ಐ ಪೇಟೆಯಿಂದ ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರು ಹೋಗುತ್ತಿದ್ದರು. ಆ ಸೀಟುಗಳು ಹೆಚ್ಚು ಕಡಿಮೆ ಈ ಮನೆಯವರು ಹೇಳಿದವರಿಗೇ. ಜಮೀನು, ಪದವಿ, ಓಟು, ಮೂರೂ ಒಂದೇ ಕಟ್ಟಿನಲ್ಲಿ. ಆ ಕಟ್ಟು ಬಿಚ್ಚದ ಹಾಗೆ ಕಾಪಾಡುತ್ತಿದ್ದ ನಿಯಮವೇ ಹಿರಿಯ ಮಗನಿಗೆ ಎಲ್ಲ ಅನ್ನುವುದು. ಕಿರಿಯರಿಗೆ ಗುಂಟೆ ಲೆಕ್ಕವೂ ಇಲ್ಲ. ಅವರಿಗೆ ಇದ್ದದ್ದು ಚರ್ಚು, ಸೈನ್ಯ, ಹಡಗು.

ನಮ್ಮ ಬೆಟ್ಟಕ್ಕೆ ಬಂದ ಚಾರ್ಲ್ಸ್ ಕಾರ್ನ್‌ವಾಲಿಸ್ ಹುಟ್ಟಿದ್ದು 1738ರ ಡಿಸೆಂಬರ್ 31ರಂದು. ಅವನ ಇಬ್ಬರು ಚಿಕ್ಕಪ್ಪಂದಿರು ಅವಳಿಜವಳಿ. ಒಬ್ಬ ಫ್ರೆಡರಿಕ್, ಚರ್ಚಿಗೆ ಹೋಗಿ 1768ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದ, ಅಂದರೆ ಇಂಗ್ಲೆಂಡಿನ ಚರ್ಚಿನಲ್ಲಿ ಅದಕ್ಕಿಂತ ದೊಡ್ಡ ಪೀಠ ಇಲ್ಲ. ಇನ್ನೊಬ್ಬ ಎಡ್ವರ್ಡ್, ಸೈನ್ಯಕ್ಕೆ ಹೋಗಿ ಕೆನಡಾ ದಡದಲ್ಲಿ 1749ರಲ್ಲಿ ಹ್ಯಾಲಿಫ್ಯಾಕ್ಸ್ ಪಟ್ಟಣ ಕಟ್ಟಿದ. ಅಲ್ಲಿನ ಮೂಲನಿವಾಸಿಗಳಾದ ಮಿಕ್ಮಾಕ್ ಜನರ ನೆತ್ತಿಯ ಚರ್ಮ ತಂದವರಿಗೆ ಇನಾಮು ಅಂತ ಹುಕುಂ ಹೊರಡಿಸಿದವನೂ ಅವನೇ. ಆ ಊರಲ್ಲಿ ನಿಲ್ಲಿಸಿದ್ದ ಅವನ ಪ್ರತಿಮೆಯನ್ನು 2018ರಲ್ಲಿ ಕ್ರೇನ್ ತಂದು ಇಳಿಸಿದರು. ಒಂದೇ ಬಸಿರಲ್ಲಿ ಹುಟ್ಟಿದ ಇಬ್ಬರು, ಒಬ್ಬ ಪ್ರಾರ್ಥನೆಗೆ, ಒಬ್ಬ ಬೇಟೆಗೆ. ಇದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಚಾರ್ಲ್ಸ್‌ನ ತಮ್ಮಂದಿರದೂ ಅದೇ ದಾರಿ. ಜೇಮ್ಸ್ ಬಿಷಪ್ ಆದ. ವಿಲಿಯಂ ಹಡಗು ಸೇರಿ ಅಡ್ಮಿರಲ್ ಆದ.

ಆದರೆ ಚಾರ್ಲ್ಸ್ ಹಿರಿಯ ಮಗನಲ್ವಾ, ಜಮೀನು ಅವನದೇ ಅಲ್ವಾ, ಅವನು ಯಾಕೆ ಬರಬೇಕಿತ್ತು? ನಾನೂ ಈ ಪ್ರಶ್ನೆಗೆ ತುಂಬಾ ದಿನ ಅಂಟಿಕೊಂಡಿದ್ದೆ. 1762ರಲ್ಲಿ ಅಪ್ಪ ಸತ್ತು ಎರಡನೇ ಅರ್ಲ್ (ಬ್ಯಾರನ್‌ಗಿಂತ ಮೇಲಿನ ಪದವಿ) ಆದಾಗ ಅವನಿಗೆ ಬರೀ 23 ವರ್ಷ. ಮೊದಲೇ ಸೈನ್ಯ ಸೇರಿದ್ದ. 1768ರಲ್ಲಿ ಜೆಮೈಮಾ ಜೋನ್ಸ್ ಅನ್ನುವವಳನ್ನು ಮದುವೆಯಾದ. ಒಬ್ಬಳು ಮಗಳು, ಒಬ್ಬ ಮಗ. ಅಮೆರಿಕದ ಯುದ್ಧಕ್ಕೆ ಹೋದವನು ಹೆಂಡತಿಗೆ ಕಾಯಿಲೆ ಅಂತ ತಿರುಗಿ ಬಂದ. 1779ರ ಫೆಬ್ರವರಿಯಲ್ಲಿ ಅವಳು ತೀರಿಕೊಂಡಳು. ಕಲ್ಫರ್ಡ್‌ನಲ್ಲಿ ಮಣ್ಣು ಮಾಡಿದರು. ತನ್ನ ಎದೆಯ ಮೇಲೆ ಒಂದು ಮುಳ್ಳಿನ ಗಿಡ ನೆಡಿ ಅಂತ ಅವಳು ಕೇಳಿಕೊಂಡಿದ್ದಳು ಅನ್ನುವ ಮಾತಿದೆ. ಆಮೇಲೆ ಅವನಿಗೆ ಆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಮಕ್ಕಳನ್ನು ಬಿಟ್ಟು ಮತ್ತೆ ಅಮೆರಿಕದ ಹಡಗು ಹತ್ತಿದ. ಜಮೀನಿದ್ದರೂ ಮನೆಯಲ್ಲಿ ಇರಲಾರದ ಗಂಡಸರನ್ನು ನಾನು ನಮ್ಮ ಕಡೆಯೂ ನೋಡಿದ್ದೇನೆ.

ಅಲ್ಲಿ ಯಾರ್ಕ್‌ಟೌನ್‌ನಲ್ಲಿ 1781ರ ಅಕ್ಟೋಬರ್ 19ರಂದು ಇಡೀ ಸೈನ್ಯದ ಜೊತೆ ಶರಣಾದ. ಮೈ ಸರಿಯಿಲ್ಲ ಅಂತ ಹೇಳಿ ಕತ್ತಿ ಒಪ್ಪಿಸಲು ಬೇರೆಯವನನ್ನು ಕಳಿಸಿದ. ಅಷ್ಟು ದೊಡ್ಡ ಸೋಲು. ಅಷ್ಟಾದರೂ ಇಂಡಿಯಾಕ್ಕೆ ಗವರ್ನರ್ ಜನರಲ್ ಆಗು ಅಂತ ಕರೆ ಬಂತು. ಮೊದಮೊದಲು ಬೇಡ ಅಂದ. 1786ರಲ್ಲಿ ಒಪ್ಪಿದ, ಕೌನ್ಸಿಲ್ಲಿನ ಮಾತು ಮೀರುವ ಅಧಿಕಾರ ಕೊಟ್ಟರೆ ಮಾತ್ರ ಅಂತ.

ಈಗ ಬೆಟ್ಟಕ್ಕೆ ಬರೋಣ. 1791ರ ಫೆಬ್ರವರಿಯಲ್ಲಿ ವೆಲ್ಲೂರಿನ ಕಡೆಯಿಂದ ಮುಗಳಿ ಕಣಿವೆ ಹತ್ತಿ ಬಂದ. ಕೋಲಾರ, ಹೊಸಕೋಟೆ ಹೆಚ್ಚು ಜಗಳವಿಲ್ಲದೆ ಕೈಗೆ ಬಂದವು. ಮಾರ್ಚ್ 21ರ ರಾತ್ರಿ ಬೆಂಗಳೂರು ಕೋಟೆ ಬಿತ್ತು. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲವರೆಗೂ ಹೋಗಿ, ಮಳೆ, ಹಸಿವು, ಸತ್ತುಬಿದ್ದ ಎತ್ತುಗಳ ಮಧ್ಯೆ, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದಕ್ಕೆ ಬಂದ. ಮುಂದಿನ ಸಲ ದವಸ ಧಾನ್ಯ ಬರುವ ದಾರಿ ಸುರಕ್ಷಿತ ಇರಬೇಕು ಅಂತ ಆಗ ಗೊತ್ತಾಯಿತು. ಆ ದಾರಿಯ ಮೇಲೆ ಕೂತಿದ್ದದ್ದು ನಮ್ಮ ನಂದಿದುರ್ಗ.

ಮೇಜರ್ ಗೌಡಿ ಅನ್ನುವವನು ಮೊದಲು ಚಿಂತಾಮಣಿ ಕಡೆಯ ರಹಮಾನ್‌ಗಢ ಹಿಡಿದು ಆಮೇಲೆ ಇಲ್ಲಿಗೆ ಬಂದ. ಮೂರು ವಾರ ಮುತ್ತಿಗೆ. ಮೂರು ಕಡೆ ನೆಟ್ಟಗೆ ನಿಂತ ಬಂಡೆ, ಹತ್ತಲು ಸಾಧ್ಯ ಇದ್ದದ್ದು ಒಂದೇ ಕಡೆ, ಅಲ್ಲೂ ಎರಡು ಸುತ್ತಿನ ಗೋಡೆ. ಸುಲ್ತಾನಪೇಟೆಯಿಂದ ಮೆಟ್ಟಿಲು ಹತ್ತಿದವರಿಗೆ ಬರಿಗೈಯಲ್ಲೇ ಉಸಿರು ಹೇಗೆ ಕಟ್ಟುತ್ತದೆ ಅಂತ ಗೊತ್ತು. ಇವರು ಆ ಇಳಿಜಾರಿನಲ್ಲಿ ದಾರಿ ಕಡಿದು ಫಿರಂಗಿ ಎಳೆದರು. ಕಾರ್ನ್‌ವಾಲಿಸ್ ದೊಡ್ಡ ಸೈನ್ಯವನ್ನು ಮೇಲಿದ್ದವರ ಕಣ್ಣಿಗೆ ಬೀಳುವ ಹಾಗೆ ಹತ್ತಿರ ತಂದು ನಿಲ್ಲಿಸಿದ. ದಾಳಿಗೆ ಮುಂದಾಗಿ ನಿಂತವನು ಜನರಲ್ ಮೆಡೋಸ್. ಬೆಳದಿಂಗಳ ರಾತ್ರಿ. ಕೆಳಗೆ ಮದ್ದು ಹೂತಿದ್ದಾರೆ, ಗಣಿ ಇದೆ ಅಂತ ಯಾರೋ ಪಿಸುಗುಟ್ಟಿದರಂತೆ. ಇದ್ದರೆ ಅದು ಚಿನ್ನದ ಗಣಿ ಅಂತ ಮೆಡೋಸ್ ಹೇಳಿದನಂತೆ. ಮೇಲಿನಿಂದ ಗುಂಡಿಗಿಂತ ಜಾಸ್ತಿ ಉರುಳಿ ಬಂದದ್ದು ಬಂಡೆಗಲ್ಲುಗಳು. ಕೋಟೆ ಬಿದ್ದ ದಿನ 1791ರ ಅಕ್ಟೋಬರ್ 19. ಯಾರ್ಕ್‌ಟೌನ್‌ನಲ್ಲಿ ಶರಣಾದ ದಿನಕ್ಕೆ ಸರಿಯಾಗಿ ಹತ್ತು ವರ್ಷ. ಈ ತಾರೀಖು ನೋಡಿ ನಾನು ಎದ್ದು ಕೂತೆ. ಬೆಟ್ಟದ ಕೆಳಗೆ ನಿಂತಿದ್ದ ಅವನಿಗೂ ಆ ದಿನ ನೆನಪಾಗದೇ ಇರುತ್ತಾ?

ಅದೇ ನವೆಂಬರ್‌ನಲ್ಲಿ ತಲಶ್ಶೇರಿ ಹತ್ತಿರದ ಸಮುದ್ರದಲ್ಲಿ ಇಂಗ್ಲಿಷರ ಹಡಗುಗಳು ಒಂದು ಫ್ರೆಂಚ್ ಹಡಗನ್ನು ಅಡ್ಡಗಟ್ಟಿ ಹೊಡೆದವು, ಟಿಪ್ಪುವಿಗೆ ಸಾಮಾನು ಹೋಗಬಾರದು ಅಂತ. ಆ ನೌಕಾಪಡೆಯ ಮುಖ್ಯಸ್ಥ ಯಾರು ಅಂದುಕೊಂಡಿರಿ? ತಮ್ಮ ವಿಲಿಯಂ. ನೆಲದ ಮೇಲೆ ಅಣ್ಣ, ನೀರಿನ ಮೇಲೆ ತಮ್ಮ. ಸಫೋಕ್‌ನಲ್ಲಿ ಪಾಲು ಕೇಳದ ತಮ್ಮ ಇಲ್ಲಿ ಅರಬ್ಬೀ ಸಮುದ್ರ ಕಾಯುತ್ತಿದ್ದ.

1792ರಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ. 3 ಕೋಟಿ 30 ಲಕ್ಷ ರೂಪಾಯಿ ಒಪ್ಪಿಕೊಂಡ. ಇಬ್ಬರು ಮಕ್ಕಳನ್ನು ಒತ್ತೆ ಕೊಟ್ಟ. ಚೆನ್ನೈನ ಕೋಟೆಯ ಮ್ಯೂಸಿಯಂನಲ್ಲಿ ಕಾರ್ನ್‌ವಾಲಿಸ್‌ನ ಅಮೃತಶಿಲೆಯ ಪ್ರತಿಮೆ ಇದೆ. ಅದರ ಪೀಠದಲ್ಲಿ ಆ ಮಕ್ಕಳನ್ನು ಒಪ್ಪಿಸುವ ದೃಶ್ಯ ಕೆತ್ತಿದ್ದಾರೆ. ನಾನು ಮೇಲಿರುವ ಲಾರ್ಡನ್ನು ನೋಡಿದ್ದು ಕಡಿಮೆ, ಕೆಳಗಿನ ಹುಡುಗರನ್ನೇ ನೋಡಿದೆ. ತಮ್ಮ ಮನೆಯಲ್ಲಿ ಹಿರಿಯ ಮಗನೇ ಎಲ್ಲ ಅನ್ನುವವರು ಬೇರೆಯವರ ಮಕ್ಕಳನ್ನು ಸಾಲದ ಪತ್ರದ ಹಾಗೆ ಇಟ್ಟುಕೊಂಡರು. ಈ ಗೆಲುವಿಗೆ ಅವನಿಗೆ ಸಿಕ್ಕಿದ್ದು ಮಾರ್ಕ್ವೆಸ್ ಪದವಿ, ಅರ್ಲ್‌ಗಿಂತಲೂ ಮೇಲಿನದು. ಗೆದ್ದ ಹಣದಲ್ಲಿ ತನ್ನ ಪಾಲನ್ನು ಅವನು ಸೈನಿಕರಿಗೇ ಬಿಟ್ಟುಕೊಟ್ಟ, ಅದನ್ನೂ ಹೇಳಬೇಕು.

ಮರುವರ್ಷ ಬಂಗಾಳದಲ್ಲಿ ಖಾಯಂ ಜಮೀನ್ದಾರಿ. ಜಮೀನು ಒಬ್ಬ ದೊಡ್ಡ ಧಣಿಯ ಹೆಸರಲ್ಲಿ ಭದ್ರವಾಗಿ ಇದ್ದರೆ ಊರು ಉದ್ಧಾರ ಆಗುತ್ತದೆ ಅಂತ ಅವನು ನಂಬಿದ್ದ. ಕಲ್ಫರ್ಡ್‌ನಲ್ಲಿ ಬೆಳೆದವನಿಗೆ ಬೇರೆ ಹೇಗೆ ತೋಚೀತು? ಅಲ್ಲಿ ಉಳುತ್ತಿದ್ದ ರೈತರಿಗೆ ಅದರಿಂದ ಏನಾಯಿತು ಅಂತ ಎಲ್ಲರಿಗೂ ಗೊತ್ತು. ನಮ್ಮ ಕಡೆ ಬಂದದ್ದು ರೈತವಾರಿ. ಅದಕ್ಕೇ ನಮ್ಮಜ್ಜನಂಥವರ ಹೆಸರು ಪಹಣಿಯಲ್ಲಿ ಇದೆ.

ಕೋಲಾರದವರಿಗೂ ಒಂದು ಎಳೆ ಇದೆ. 1802ರಲ್ಲಿ ಮೈಸೂರಿನ ಪೂರ್ವದ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್, ಊರಿಗಾಂ ಮತ್ತು ಮಾರಿಕುಪ್ಪಂ ಕಡೆಯ ಮಣ್ಣಿನಲ್ಲಿ ಚಿನ್ನ ಇದೆ ಅಂತ ಕೇಳಿ ಗಾಡಿಗಟ್ಟಲೆ ಮಣ್ಣು ತರಿಸಿ ತೊಳೆಸಿ ನೋಡಿದನಲ್ಲ, ಅವನು 33ನೇ ರೆಜಿಮೆಂಟಿನವನು. ಆ ರೆಜಿಮೆಂಟಿಗೆ 1766ರಿಂದ ಸಾಯುವವರೆಗೂ ಕರ್ನಲ್ ಆಗಿದ್ದವನು ಕಾರ್ನ್‌ವಾಲಿಸ್.

1805ರಲ್ಲಿ ಎರಡನೇ ಸಲ ಇಂಡಿಯಾಕ್ಕೆ ಕಳಿಸಿದರು. ಆಗಲೇ ಮುದುಕ, ರೋಗಿ. ಬಂದ ಕೆಲವು ತಿಂಗಳಲ್ಲೇ, ಅಕ್ಟೋಬರ್ 5ರಂದು, ಗಂಗೆಯ ದಡದ ಗಾಜಿಪುರದಲ್ಲಿ ಸತ್ತ. ಸಮಾಧಿ ಅಲ್ಲೇ ಇದೆ. ಹೆಂಡತಿ ಕಲ್ಫರ್ಡ್‌ನಲ್ಲಿ, ಅವನು ಗಾಜಿಪುರದಲ್ಲಿ.

ಇನ್ನು ಆ ಮನೆ ಏನಾಯಿತು? ಒಬ್ಬನೇ ಮಗ, ಅವನೂ ಚಾರ್ಲ್ಸ್, ಎರಡನೇ ಮಾರ್ಕ್ವೆಸ್. ಅವನಿಗೆ ಐದು ಹೆಣ್ಣುಮಕ್ಕಳು. ಗಂಡು ಇಲ್ಲ. 1823ರಲ್ಲಿ ಅವನು ಸತ್ತಾಗ ನಂದಿದುರ್ಗ, ಶ್ರೀರಂಗಪಟ್ಟಣದಿಂದ ಬಂದ ಆ ಮಾರ್ಕ್ವೆಸ್ ಪದವಿ ಅವನ ಜೊತೆಗೇ ಮುಗಿಯಿತು, 31 ವರ್ಷಕ್ಕೆ. ಹಳೆಯ ಅರ್ಲ್ ಪದವಿ ಚಿಕ್ಕಪ್ಪ ಬಿಷಪ್ ಜೇಮ್ಸ್‌ಗೆ ಹೋಯಿತು, ಅವನು ಮರುವರ್ಷವೇ ತೀರಿಕೊಂಡ. ಅವನ ಮಗನಿಗೂ ಗಂಡುಸಂತಾನ ಉಳಿಯಲಿಲ್ಲ, 1852ಕ್ಕೆ ಅದೂ ಮುಗಿಯಿತು. ಕಲ್ಫರ್ಡ್ ಮಾರಾಟವಾಯಿತು, ಕೈಯಿಂದ ಕೈಗೆ ಹೋಗಿ ಈಗ ಅದೊಂದು ಶಾಲೆ. ಬ್ರೋಮ್ ಹಾಲ್ ಕೂಡ ಬೇರೆಯವರ ಪಾಲಾಗಿ, ಕಳೆದ ಶತಮಾನದಲ್ಲಿ ಕೆಡವಿದರು. ನಾಲ್ಕು ನೂರು ವರ್ಷ ಒಂದು ಗುಂಟೆ ಒಡೆಯದ ಹಾಗೆ ಜೋಪಾನ ಮಾಡಿದ ಮನೆ. ಐದು ಹೆಣ್ಣುಮಕ್ಕಳು ಕಣ್ಣೆದುರೇ ಇದ್ದರೂ, ವಾರಸುದಾರರಿಲ್ಲ ಅಂತ ಆ ಪದವಿಗಳು ಅಳಿದವು.

ನಮ್ಮ ಮನೆಯಲ್ಲೂ ಮೊದಲು ಅದೇ ಮಾತು ಬಂದಿತ್ತು. ಅತ್ತೆಯರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲಿ, ಜಮೀನು ಜಾಸ್ತಿ ಒಡೆಯಬಾರದು ಅಂತ. ಪತ್ರ ಟೈಪ್ ಆಗಿ ಬಂದಿತ್ತು. ಆ ದಿನ ಬೆಳಿಗ್ಗೆ ದೊಡ್ಡತ್ತೆಗೆ ನಾನು ಆ ಐದು ಹೆಣ್ಣುಮಕ್ಕಳ ಕಥೆ ಹೇಳಿದೆ. ಅವರು ಅವರೆಕಾಯಿ ಸುಲಿಯುತ್ತಾ ಕೇಳಿಸಿಕೊಂಡರು. ಆ ಹೆಣ್ಣುಮಕ್ಕಳ ಹೆಸರೇನು ಅಂತ ಕೇಳಿದರು. ಒಬ್ಬಳು ಜೇನ್ ಅಂದೆ. ಮಧ್ಯಾಹ್ನ ಪತ್ರ ಮುಂದಿಟ್ಟಾಗ ದೊಡ್ಡತ್ತೆ ಪೆನ್ನು ಮುಟ್ಟಲಿಲ್ಲ. ಚಿಕ್ಕತ್ತೆಯೂ ಮುಟ್ಟಲಿಲ್ಲ.

ದೊಡ್ಡತ್ತೆಯ ಪಾಲಿಗೆ ಬಂದದ್ದು ಬಾವಿಯ ಪಕ್ಕದ ರಾಗಿ ಹೊಲ. ನಿನ್ನೆ ಅಲ್ಲಿ ನಾಲ್ಕು ಮೂಲೆಗೂ ಅವರೇ ಸುಣ್ಣ ಹಚ್ಚಿದ ಕಲ್ಲು ಕಂಡವು.